ಎಷ್ಟು ಹನಿ ಥಿನ್ನರ್ ಅಂತ ಕೇಳಬೇಡಿ, ಕಪ್‌ನ ಗೋಡೆ ನೋಡಿ

ಮಿನಿಯೇಚರ್‌ಗಳಿಗೆ (ಪುಟ್ಟ ಮಾದರಿ ಗೊಂಬೆಗಳಿಗೆ) ಏರ್‌ಬ್ರಷ್‌ನಲ್ಲಿ, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನದಲ್ಲಿ, ಬಣ್ಣ ಹೊಡೆಯಲು ಕಲಿಯುವವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. 'ಸರ್, ಒಂದು ಹನಿ ಪೇಂಟಿಗೆ ಎಷ್ಟು ಹನಿ ಥಿನ್ನರ್?' ಥಿನ್ನರ್ ಅಂದರೆ ಪೇಂಟನ್ನು ತೆಳು ಮಾಡುವ ದ್ರವ. ಯಾವ ಪೇಂಟು, ಯಾವ ಬಣ್ಣ ಅಂತ ಹೇಳುವುದಿಲ್ಲ. ನಾಜಲ್ (ಪೇಂಟು ಹೊರಬರುವ ಮೂತಿ) ಎಷ್ಟರದ್ದು ಅಂತ ಕೇಳಿದರೆ ನನ್ನ ಮುಖ ನೋಡುತ್ತಾರೆ. ಒಂದಕ್ಕೊಂದು ಅಂದುಬಿಟ್ಟರೆ ಬರೆದುಕೊಂಡು ಖುಷಿಯಾಗಿ ಹೋಗುತ್ತಾರೆ. ಆಮೇಲೆ ನಾಜಲ್ ಕಟ್ಟಿಕೊಂಡಿದೆ ಅಂತ ಫೋನು.

ಒಂದಕ್ಕೊಂದು ತಪ್ಪೇನಲ್ಲ. ಬ್ರಷ್‌ಗೆಂದು ಮಾಡಿದ ದಪ್ಪ ಅಕ್ರಿಲಿಕ್‌ಗೆ ಅಲ್ಲಿಂದ ಶುರು ಮಾಡಬಹುದು. ಆದರೆ ಅಲ್ಲಿಗೇ ನಿಲ್ಲುತ್ತಾರಲ್ಲ, ಅದೇ ನನ್ನ ತಲೆನೋವು. ಒಂದೇ ಕಂಪನಿಯ ಎರಡು ಬಾಟಲಿ ತಗೊಳ್ಳಿ. ವಲ್ಲೆಹೊ ಮಾಡೆಲ್ ಕಲರ್ ಗಟ್ಟಿ, ಮಾಡೆಲ್ ಏರ್ ಏರ್‌ಬ್ರಷ್‌ಗೆಂದೇ ತೆಳುವಾಗಿ ಬರುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹೇಗಾಗುತ್ತದೆ? ತಮಿಯಾ ಕಂಪನಿಯ ಅಕ್ರಿಲಿಕ್‌ನದು ಬೇರೆಯೇ ಜಾತಿ. ಅದರಲ್ಲಿ ಆಲ್ಕೋಹಾಲ್ ಇದೆ, ಅದರದೇ ಎಕ್ಸ್-20ಎ ಥಿನ್ನರ್ ಧಾರಾಳವಾಗಿ ಹಾಕಿದರೂ ಚೆನ್ನಾಗಿ ಹೊಡೆಯುತ್ತದೆ. ಅದನ್ನು ನೋಡಿ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮಾಡೆಲ್ ಕಲರ್‌ಗೆ ಸುರಿದರೆ ಕಪ್‌ನಲ್ಲೇ ಗಂಟು ಗಂಟಾಗುತ್ತದೆ.

ಒಂದೇ ಸಾಲಿನ ಪೇಂಟಿನಲ್ಲೂ ಬಣ್ಣದಿಂದ ಬಣ್ಣಕ್ಕೆ ಹದ ಬೇರೆ. ಬಿಳಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ತುಂಬಿರುತ್ತದೆ, ಅದು ಸತಾಯಿಸಿದಷ್ಟು ಕರಿ ಬಣ್ಣ ಸತಾಯಿಸುವುದಿಲ್ಲ. ಹಳೇ ಬಾಟಲಿಯಲ್ಲಿ ನೀರು ಆರಿ ಪೇಂಟು ದಪ್ಪಗಾಗಿರುತ್ತದೆ. ಅಲ್ಲಾಡಿಸದೇ ಹಿಂಡಿದರೆ ಬರೀ ಮೀಡಿಯಂ (ಬಣ್ಣವಿಲ್ಲದ ದ್ರವ) ಬರುತ್ತದೆ, ಬಣ್ಣವೆಲ್ಲ ತಳದಲ್ಲೇ. ಅಷ್ಟೇ ಏಕೆ, ಹನಿ ಕೂಡ ಒಂದೇ ಅಳತೆಯದ್ದಲ್ಲ. ಬಾಟಲಿಯ ಮೂತಿಯಿಂದ ಬೀಳುವ ಹನಿಗೂ ಪಿಪೆಟ್‌ನಿಂದ ಬೀಳುವ ಹನಿಗೂ ಗಾತ್ರ ಬೇರೆ.

ಮತ್ತೇನು ಮಾಡಬೇಕು? 'ಹಾಲಿನ ಹದ' ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಕೆನೆ ತೆಗೆದ ಹಾಲು ಅಂದುಕೊಳ್ಳಿ. ಆದರೆ ಕಣ್ಣಿಗೆ ಒಂದು ಗುರುತು ಬೇಕು, ಅಲ್ವಾ? ಸಣ್ಣ ಕಪ್ಪಿನಲ್ಲಿ ಮೊದಲು ಥಿನ್ನರ್, ಆಮೇಲೆ ಪೇಂಟು ಹಾಕಿ ಚೆನ್ನಾಗಿ ಕಲಸಿ. ಹಳೇ ಬ್ರಷ್ ಅದ್ದಿ, ಪೇಂಟನ್ನು ಕಪ್ಪಿನ ಒಳಗೋಡೆಯ ಮೇಲೆ ಎಳೆದು ಬಿಡಿ. ಈಗ ಸುಮ್ನೆ ನೋಡಿ. ಎಳೆದ ಗೆರೆ ಎಳೆದಲ್ಲೇ ಕೂತು ಸೋಮಾರಿಯಂತೆ ಇಳಿದರೆ ಗಟ್ಟಿ. ಸರ್‍ರನೆ ಹರಿದು, ಗೋಡೆಯ ಮೇಲೆ ಅಲ್ಲೊಂದು ಇಲ್ಲೊಂದು ಮಣಿ ಬಿಟ್ಟು ಖಾಲಿಯಾದರೆ ತೆಳು ಜಾಸ್ತಿಯಾಯಿತು. ಪೇಂಟು ಒಂದೇ ಸಮ ಜಾರಿ ಇಳಿಯಬೇಕು, ಇಳಿದ ಮೇಲೂ ಗೋಡೆಯ ಮೇಲೆ ತೆಳ್ಳನೆಯ ಬಣ್ಣದ ಪದರ ನಿಲ್ಲಬೇಕು, ಆ ಪದರದೊಳಗಿಂದ ಕಪ್‌ನ ಗೋಡೆ ಮಸುಕಾಗಿ ಕಾಣಬೇಕು. ಆಗ ಕೈ ನಿಲ್ಲಿಸಿ. ಗಟ್ಟಿ ಅನಿಸಿದರೆ ಒಂದೊಂದೇ ಹನಿ ಹಾಕಿ, ಮತ್ತೆ ಕಲಸಿ, ಮತ್ತೆ ಎಳೆದು ನೋಡಿ. ಪ್ರತಿ ಬಾಟಲಿಗೂ, ಪ್ರತಿ ಸಲವೂ. ಬೇಜಾರು ಮಾಡಿಕೊಳ್ಳಬೇಡಿ, ಅರ್ಧ ನಿಮಿಷದ ಕೆಲಸ.

ನನ್ನ ಹತ್ತಿರ ಕಲಿಯುತ್ತಿದ್ದವರೊಬ್ಬರು ಪ್ರತಿ ಬಣ್ಣಕ್ಕೂ ಒಂದು ಸಾಲಿನಂತೆ ಪಟ್ಟಿ ಮಾಡಿ, ಸಿರಿಂಜ್‌ನಲ್ಲಿ ಅಳೆದು ಹಾಕುತ್ತಿದ್ದರು. ಅವರ ಶ್ರದ್ಧೆ ನೋಡಿದರೆ ಪ್ರೀತಿಯೇ ಬರುತ್ತದೆ. ಒಂದು ದಿನ ಬಿಳಿ ಕೈಕೊಟ್ಟಿತು. 28 ಮಿಮೀ ಅಳತೆಯ ಯೋಧನ ಗೊಂಬೆಯ ಮೇಲಂಗಿಯ ಮೇಲೆ ಪೇಂಟು ಜೇಡದ ಕಾಲಿನಂತೆ ನಾಲ್ಕೂ ಕಡೆ ಓಡಿತ್ತು. ಗಾಳಿ ಕೊಡುವ ಕಂಪ್ರೆಸರ್ ಕೆಟ್ಟಿದೆ ಅಂದರು. 'ಬಾಟಲಿ ಯಾವಾಗ ತಗೊಂಡ್ರಿ?' ಅಂದೆ. ಹಳೆಯದು ಮುಗಿದು ಹೊಸದು ತೆರೆದಿದ್ದರು. ಪಟ್ಟಿಯಲ್ಲಿದ್ದ ಲೆಕ್ಕ ಆರಿ ದಪ್ಪಗಾಗಿದ್ದ ಹಳೇ ಬಾಟಲಿಯದು. ಪಟ್ಟಿಯನ್ನು ಈಗಲೂ ಇಟ್ಟುಕೊಂಡಿದ್ದಾರೆ, ಇರಲಿ. ಆದರೆ ಕಪ್ಪಿನ ಗೋಡೆ ನೋಡದೆ ಟ್ರಿಗರ್ ಒತ್ತುವುದಿಲ್ಲ.

ಬರೀ ನೀರು ಸಾಲದೇ ಅಂತಲೂ ಕೇಳುತ್ತಾರೆ. ಸ್ವಲ್ಪಕ್ಕೆ ಅಡ್ಡಿಯಿಲ್ಲ. ಜಾಸ್ತಿಯಾದರೆ ಬಣ್ಣದ ಕಣಗಳನ್ನು ಹಿಡಿದಿಡುವ ಅಕ್ರಿಲಿಕ್ ಅಂಟು ದುರ್ಬಲವಾಗುತ್ತದೆ, ಪ್ಲಾಸ್ಟಿಕ್ ಮೇಲೆ ನೀರು ಮಣಿಕಟ್ಟುತ್ತದೆ, ಒಣಗಿದ ಮೇಲೆ ಉಗುರು ತಾಗಿದರೂ ಪೇಂಟು ಏಳುತ್ತದೆ. ಪಾಲಿಯುರೆಥೇನ್ ಪ್ರೈಮರ್‌ಗೆ (ಬಣ್ಣಕ್ಕೆ ಮುಂಚೆ ಹೊಡೆಯುವ ತಳಪದರಕ್ಕೆ) ಮಾತ್ರ ಈ ಆಟವೆಲ್ಲ ಬೇಡ, ಬಾಟಲಿಯ ಮೇಲೆ ಬರೆದಂತೆ ನಡೆಯಿರಿ.

ಹದ ಸರಿಯಿದ್ದೂ ಮೇಲ್ಮೈ ಪುಡಿ ಪುಡಿಯಾಗಿ ಕಂಡರೆ ತಕ್ಷಣ ಥಿನ್ನರ್ ಬಾಟಲಿಗೆ ಕೈ ಹಾಕಬೇಡಿ. ದೂರದಿಂದ ಹೊಡೆದರೆ ಪೇಂಟು ಗಾಳಿಯಲ್ಲೇ ಒಣಗಿ ಧೂಳಾಗಿ ಕೂರುತ್ತದೆ, ಮೊದಲು ಹತ್ತಿರ ಬನ್ನಿ. 0.3 ಮಿಮೀ ನಾಜಲ್‌ಗೆ 15ರಿಂದ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಮಾನ್ಯವಾಗಿ ಸರಿಹೋಗುತ್ತದೆ. ಸಣ್ಣ ಗೆರೆಗೆಂದು ಪೇಂಟು ಇನ್ನೂ ತೆಳು ಮಾಡಿದರೆ ಪ್ರೆಷರ್ ಕೂಡ ಇಳಿಸಿ. ಮೀಟರ್ ನೋಡುವಾಗ ಟ್ರಿಗರ್ ಒತ್ತಿರಲಿ, ಗಾಳಿ ಹೊರಟಾಗ ಮುಳ್ಳು ಇಳಿಯುತ್ತದೆ. ಮೀಟರ್‌ಗಳು ಒಂದೊಂದು ಒಂದೊಂದು ಥರ ತೋರಿಸುವುದರಿಂದ ಈ ಅಂಕಿಗಳನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ಅಂದಹಾಗೆ, ನೀರಿನ ಪೇಂಟ್ ಅಂತ ರೆಸ್ಪಿರೇಟರ್ (ಉಸಿರು ಸೋಸುವ ಮುಖವಾಡ) ಬಿಡುವವರಿದ್ದಾರೆ. ಏರ್‌ಬ್ರಷ್ ಎಬ್ಬಿಸುವ ಮಂಜು ಯಾವ ಪೇಂಟಿನದಾದರೂ ಉಸಿರಿಗೆ ಒಳ್ಳೆಯದಲ್ಲ.

ಅರ್ಧ ಕೆಲಸದಲ್ಲಿ ಏರ್‌ಬ್ರಷ್ ಉಗುಳಲು ಶುರು ಮಾಡಿದಾಗಲೂ ಜನ ಇನ್ನೆರಡು ಹನಿ ಥಿನ್ನರ್ ಹಾಕುತ್ತಾರೆ. ನೀಡಲ್ (ನಾಜಲ್ ಒಳಗಿನ ಸೂಜಿ) ತುದಿ ನೋಡಿ. ಅಲ್ಲಿ ಸಾಸಿವೆಗಿಂತ ಚಿಕ್ಕ ಮುದ್ದೆ ಒಣಗಿ ಕೂತಿರುತ್ತದೆ. ಥಿನ್ನರ್‌ನಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಒರೆಸಿ ಮುಂದುವರಿಯಿರಿ. ಪದೇ ಪದೇ ಹೀಗಾದರೆ ಒಂದು ಹನಿ ಫ್ಲೋ ಇಂಪ್ರೂವರ್ (ಪೇಂಟು ಸರಾಗವಾಗಿ ಹರಿಯಲು ಬೆರೆಸುವ ದ್ರವ) ಹಾಕಬಹುದು. ಜಾಸ್ತಿ ಬೇಡ, ಪೇಂಟು ಬೇಗ ಒಣಗದೆ ಅಂಟಂಟಾಗಿ ಉಳಿದು ಬಣ್ಣ ಬೇಡದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪಿನ ಜೊತೆ ಎದ್ದು ಬರುತ್ತದೆ.