ಹಾವು ಕಚ್ಚುತ್ತೆ ಅಂತ ಅವರಿಗೂ ಗೊತ್ತು

ಚರ್ಚಿನೊಳಗೆ ವಿಷದ ಹಾವನ್ನು ಕೈಯಲ್ಲಿ ಹಿಡಿದು ಕುಣಿಯುವವರ ವಿಡಿಯೋ ನೋಡಿದರೆ ನಮ್ಮ ಬಾಯಿಗೆ ಮೊದಲು ಬರುವುದು ಒಂದೇ ಮಾತು: ಹಲ್ಲು ಕಿತ್ತಿರ್ತಾರೆ ಬಿಡಿ. ಹಾವಾಡಿಗರನ್ನು ನೋಡಿದ ನಮಗೆ ಈ ಅನುಮಾನ ಸಹಜ. ಆದರೆ ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಈ ಪುಟ್ಟ ಚರ್ಚುಗಳಲ್ಲಿ ಹಲ್ಲು ಕೀಳುವುದಿಲ್ಲ. ಕಿತ್ತರೂ ಅದು ಬಹಳ ದಿನದ ಮಾತಲ್ಲ. ವಿಷದ ಹಲ್ಲಿನ ಹಿಂದೆ ಬದಲಿ ಹಲ್ಲುಗಳು ಬೆಳೆಯುತ್ತಲೇ ಇರುತ್ತವೆ. ಅಲ್ಲಿ ಹಾವು ನಿಜವಾಗಿಯೂ ಕಚ್ಚುತ್ತದೆ, ಜನ ಸಾಯುತ್ತಾರೆ. ಈ ಪದ್ಧತಿಯನ್ನು ಊರೂರಿಗೆ ಹಬ್ಬಿಸಿದ ಜಾರ್ಜ್ ವೆಂಟ್ ಹೆನ್ಸ್ಲಿ ಕೂಡ 1955ರಲ್ಲಿ ಫ್ಲಾರಿಡಾದಲ್ಲಿ ಹಾವು ಕಚ್ಚಿಯೇ ತೀರಿಕೊಂಡರು. ಡಾಕ್ಟರ ಹತ್ತಿರ ಹೋಗಲು ಅವರು ಒಪ್ಪಲಿಲ್ಲ.

ಹೆನ್ಸ್ಲಿ ಓದು ಬರಹ ಬಾರದ ಬೋಧಕ. 1910ರ ಆಸುಪಾಸಿನಲ್ಲಿ ಟೆನೆಸ್ಸಿ ರಾಜ್ಯದಲ್ಲಿ ಹಾವು ಎತ್ತಲು ಶುರು ಮಾಡಿದರು. ಆಧಾರ ಬೈಬಲ್‌ನಲ್ಲಿರುವ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ. ನಂಬುವವರು ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಅವರಿಗೆ ಕೇಡಾಗದು ಎಂಬ ಅರ್ಥದ ಮಾತು ಅಲ್ಲಿದೆ. ಬಹುಪಾಲು ಕ್ರೈಸ್ತರು ಇದನ್ನು ಆಜ್ಞೆ ಎಂದು ಓದುವುದಿಲ್ಲ. ಮಾಲ್ಟಾ ದ್ವೀಪದಲ್ಲಿ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನ ಕೈಗೆ ಹಾವು ಸುತ್ತಿಕೊಂಡಿತು, ಏನೂ ಆಗಲಿಲ್ಲ, ಸರಿ. ಆದರೆ ಅವನೇನೂ ಹುಡುಕಿಕೊಂಡು ಹೋಗಿ ಹಿಡಿದಿರಲಿಲ್ಲವಲ್ಲ ಎನ್ನುತ್ತಾರೆ. ದೇವರನ್ನು ಪರೀಕ್ಷಿಸಬೇಡ ಎಂದು ಯೇಸುವೇ ಹೇಳಿದ್ದನ್ನೂ ನೆನಪಿಸುತ್ತಾರೆ. ಬೈಬಲ್ ವಿದ್ವಾಂಸರದ್ದು ಇನ್ನೊಂದು ತಕರಾರು. ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸಿನೈಟಿಕಸ್ ಮತ್ತು ವ್ಯಾಟಿಕಾನಸ್‌ನಲ್ಲಿ ಮಾರ್ಕನ ಕೊನೆಯ ಹನ್ನೆರಡು ವಚನಗಳೇ ಇಲ್ಲ. ಹಾವಿನ ಮಾತು ಬರುವುದು ಆ ವಚನಗಳಲ್ಲೇ. ಆ ಭಾಗವನ್ನು ಆಮೇಲೆ ಸೇರಿಸಿರಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯ.

ಹಾವು ಹಿಡಿಯುವವರ ಉತ್ತರ ಚಿಕ್ಕದು. ಹಾವು ಎತ್ತುವರು ಅಂತಿದೆ, ಕಚ್ಚುವುದಿಲ್ಲ ಅಂತ ಎಲ್ಲಿದೆ?

ಹೊರಗಿನವರು ಎಡವುವುದು ಇಲ್ಲೇ ಅನಿಸುತ್ತದೆ. ಇವರು ಮ್ಯಾಜಿಕ್ ತೋರಿಸುತ್ತಿದ್ದಾರೆ, ಅದನ್ನು ಬಯಲು ಮಾಡಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಬಯಲು ಮಾಡಲು ಏನೂ ಇಲ್ಲ. ಕಚ್ಚದಿದ್ದರೆ ದೇವರ ಕೃಪೆ, ಕಚ್ಚಿದರೆ ದೇವರ ಚಿತ್ತ. ಯಾವ ಫಲಿತಾಂಶ ಬಂದರೂ ಅಲುಗದ ಮಾತನ್ನು ಪ್ರಯೋಗದಿಂದ ಸುಳ್ಳು ಮಾಡಲಾಗದು. ಇವರಿಗೆಲ್ಲ ಬುದ್ಧಿ ಸ್ಥಿಮಿತವಿಲ್ಲ ಎನ್ನುವುದಕ್ಕೂ ಆಧಾರ ಸಿಕ್ಕಿಲ್ಲ. 1960ರ ದಶಕದಲ್ಲಿ ಇಂಥ ಒಂದು ಚರ್ಚಿನವರನ್ನೂ ಮಾಮೂಲಿ ಚರ್ಚಿನವರನ್ನೂ ಒಂದೇ ಮನೋಪರೀಕ್ಷೆಗೆ ಒಳಪಡಿಸಿದರು. ಹಾವು ಹಿಡಿಯುವವರಲ್ಲಿ ಕಾಯಿಲೆ ಜಾಸ್ತಿ ಎಂದೇನೂ ಕಾಣಲಿಲ್ಲ.

ವಿಜ್ಞಾನ ಉತ್ತರಿಸಬಹುದಾದ ಪ್ರಶ್ನೆ ಬೇರೆ: ಇಷ್ಟು ಕಡಿಮೆ ಸಲ ಯಾಕೆ ಕಚ್ಚುತ್ತದೆ?

ಅಲ್ಲಿ ಹೆಚ್ಚಾಗಿ ಹಿಡಿಯುವುದು ಬಾಲದಲ್ಲಿ ಗಿಲಕಿ ಇರುವ ಟಿಂಬರ್ ರ್‍ಯಾಟಲ್ ಸ್ನೇಕ್ ಮತ್ತು ತಾಮ್ರದ ಬಣ್ಣದ ತಲೆಯ ಕಾಪರ್‌ಹೆಡ್. ಎರಡೂ ನಮ್ಮ ಮಲೆನಾಡಿನ ಗುಳಿಮಂಡಲದ ಬಳಗ. ಕಣ್ಣು ಮೂಗಿನ ನಡುವೆ ಶಾಖ ಗುರುತಿಸುವ ಗುಳಿ ಇರುತ್ತದೆ. ವಿಷ ಇರುವುದು ಇಲಿ ಹಿಡಿಯಲು. ನುಂಗಲಾಗದ ಮನುಷ್ಯನ ಮೇಲೆ ಸುರಿದ ವಿಷ ದಂಡ. ಹಾಗಾಗಿ ಕೆಲವೊಮ್ಮೆ ಕಚ್ಚಿದರೂ ವಿಷ ಬಿಡುವುದಿಲ್ಲ. ಇಂಥ ಖಾಲಿ ಕಡಿತ ಗುಳಿಮಂಡಲಗಳಲ್ಲಿ ಸುಮಾರು ಕಾಲು ಭಾಗ. ಇದೇ ಬಳಗದ ಕಾಟನ್‌ಮೌತ್ ಹಾವುಗಳ ಮೇಲೆ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಸಂಶೋಧಕರು ಕಾಡಿನ ಹಾವುಗಳ ಪಕ್ಕ ನಿಂತರು, ಬೂಟಿನಿಂದ ಮೆಟ್ಟಿದರು, ಕೃತಕ ಕೈಯಿಂದ ಎತ್ತಿದರು. ಎತ್ತಿದ 36 ಹಾವುಗಳಲ್ಲಿ ಕಚ್ಚಿದ್ದು 13. ಕೋಪಿಷ್ಠ ಎಂದು ಹೆಸರಾದ ಹಾವಿಗೆ ಇದು ಕಡಿಮೆಯೇ. ಆದರೆ ವಾರ ವಾರವೂ, ವರ್ಷಗಟ್ಟಲೆ ಎತ್ತುತ್ತಾ ಹೋದರೆ ಈ ಲೆಕ್ಕ ತಿರುಗಿ ಬೀಳುತ್ತದೆ.

ಇನ್ನೊಂದು ಕಾರಣ ಅಷ್ಟು ಚೆನ್ನಾಗಿಲ್ಲ. ಹಾವುಗಳಿಂದ ವಿಷ ಸಂಗ್ರಹಿಸುವ ಕೆಂಟಕಿ ರೆಪ್ಟೈಲ್ ಝೂನವರ ಪ್ರಕಾರ, ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ನೀರು, ಆಹಾರ ಸಾಲದೆ ಸೊರಗಿದ ಹಾವು ಕಚ್ಚುವುದೂ ಕಡಿಮೆ, ಅದರ ವಿಷವೂ ಸಪ್ಪೆ. ಝೂನಲ್ಲಿ ಹತ್ತಿಪ್ಪತ್ತು ವರ್ಷ ಬದುಕುವ ಹಾವು ಚರ್ಚಿನವರ ಬಳಿ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಈ ವಾದವಿವಾದದಲ್ಲಿ ಹಾವಿನ ಕಡೆಯವರು ಯಾರೂ ಇರಲಿಲ್ಲ ಎನ್ನುವುದು ನನಗಂತೂ ಚುಚ್ಚುವ ವಿಷಯ.

ಪದೇ ಪದೇ ಕಚ್ಚಿಸಿಕೊಂಡರೆ ಮೈ ಒಗ್ಗಿಹೋಗುತ್ತದೆ ಎಂಬ ಮಾತೂ ಇದೆ. ಹಾಗೆ ನಂಬಿ ಕೂರುವುದು ಅಪಾಯ. ಕೆಲವರಿಗೆ ಉಲ್ಟಾ ಆಗುತ್ತದೆ. ಹಳೆಯ ಕಡಿತಗಳಿಂದ ಮೈಗೆ ಅಲರ್ಜಿ ಹತ್ತಿ, ಮುಂದಿನ ಸಲ ಉಸಿರುಗಟ್ಟಿ, ರಕ್ತದೊತ್ತಡ ದಿಢೀರ್ ಇಳಿಯಬಹುದು.

ವಿಷ ಕುಡಿಯುವುದೂ ಉಂಟು. ಕೆಲವರು ಕುಡಿಯುವುದು ಸ್ಟ್ರಿಕ್ನಿನ್, ನಮ್ಮ ಕಾಸರಕದ ಬೀಜದಲ್ಲಿರುವ ವಿಷವೇ ಅದು. ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ 'ಸಾಕು' ಎನ್ನುವ ಸಂದೇಶವನ್ನು ಇದು ತಡೆಯುತ್ತದೆ. ಮೈಯೆಲ್ಲ ಸೆಟೆದುಕೊಂಡು ಕೊನೆಗೆ ಉಸಿರಾಟವೇ ನಿಲ್ಲುತ್ತದೆ. 1973ರಲ್ಲಿ ಟೆನೆಸ್ಸಿಯ ಒಂದು ಚರ್ಚಿನಲ್ಲಿ ಇದನ್ನು ಕುಡಿದ ಇಬ್ಬರು ಸತ್ತರು. ಪ್ರಕರಣ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಸುಮ್ನೆ ವಿಧವೆಯರೂ ಅನಾಥರೂ ಹೆಚ್ಚಾಗದಂತೆ ನೋಡಿಕೊಳ್ಳುವ ಹಕ್ಕು ಸರ್ಕಾರಕ್ಕಿದೆ ಎಂದು 1975ರಲ್ಲಿ ತೀರ್ಪು ಬಂತು. ಗಟ್ಟಿಮುಟ್ಟಾಗಿದ್ದು ತೆರಿಗೆ ಕಟ್ಟುವ, ಅಗತ್ಯ ಬಿದ್ದರೆ ಆಯುಧ ಹಿಡಿಯಬಲ್ಲ ಪ್ರಜೆಗಳು ರಾಜ್ಯಕ್ಕೆ ಬೇಕು ಎಂದೂ ಅದರಲ್ಲಿದೆ! ಚರ್ಚಿನಲ್ಲಿ ಹಾವು ಹಿಡಿಯುವುದಕ್ಕೆ ಕೆಂಟಕಿ 1940ರಲ್ಲೇ ನಿಷೇಧ ತಂದಿತ್ತು. ಪಕ್ಕದ ವೆಸ್ಟ್ ವರ್ಜೀನಿಯಾದಲ್ಲಿ ಇವತ್ತಿಗೂ ನಿಷೇಧವಿಲ್ಲ. ಮಕ್ಕಳ ಕೈಗೆ ಕೊಡದೆ, ತಿಳಿದ ವಯಸ್ಕರು ತಮ್ಮ ಜೀವವನ್ನಷ್ಟೇ ಪಣಕ್ಕಿಟ್ಟರೆ ಪೊಲೀಸರಿಗೇನು ಕೆಲಸ ಎಂದು ಕೇಳುವವರು ಈ ನಂಬಿಕೆಯ ಹೊರಗೂ ಇದ್ದಾರೆ. ಪರ್ವತಾರೋಹಣವನ್ನು ಯಾರೂ ನಿಷೇಧಿಸಿಲ್ಲ, ಅಲ್ವಾ?

2014ರ ಫೆಬ್ರುವರಿ 15ರಂದು ಕೆಂಟಕಿಯ ಮಿಡಲ್ಸ್‌ಬರೋದಲ್ಲಿ ಪಾಸ್ಟರ್ ಜೇಮಿ ಕೂಟ್ಸ್ ಅವರ ಬಲಗೈಗೆ ರ್‍ಯಾಟಲ್ ಸ್ನೇಕ್ ಕಚ್ಚಿತು. ಟಿವಿ ಕಾರ್ಯಕ್ರಮದಿಂದ ಹೆಸರಾಗಿದ್ದವರು. ಹಿಂದೊಮ್ಮೆ ಹಾವಿನಿಂದಲೇ ಅರ್ಧ ಬೆರಳು ಕಳೆದುಕೊಂಡಿದ್ದರು. ಆಂಬುಲೆನ್ಸ್ ಚರ್ಚಿಗೆ ಬರುವಷ್ಟರಲ್ಲಿ ಮನೆಗೆ ಹೋಗಿದ್ದರು. ಸಿಬ್ಬಂದಿ ಮನೆಗೂ ಹೋದರು, ಚಿಕಿತ್ಸೆ ಬೇಡವೆಂಬ ಉತ್ತರ ಬಂತು. ಸುಮಾರು ಒಂದು ಗಂಟೆಯ ನಂತರ ಮತ್ತೆ ಬಂದಾಗ ಜೀವ ಹೋಗಿತ್ತು. ವಯಸ್ಸು 42.

ಅವರ ನಂತರ ಹಾವು ಹಿಡಿದ ಮಗನಿಗೂ ಕಚ್ಚಿತು. ಸುದ್ದಿ ಹೊರಬಂದದ್ದು 2018ರಲ್ಲಿ. ಜೊತೆಗಿದ್ದವರು ಆಸ್ಪತ್ರೆಗೆ ಸೇರಿಸಿದರು, ಅವರು ಬದುಕಿಕೊಂಡರು. ಎರಡೂ ಸಲ ಒಳಹೋದ ವಿಷ ಒಂದೇ ಪ್ರಮಾಣದ್ದಲ್ಲದಿರಬಹುದು, ಹಾಗಾಗಿ ಅಪ್ಪ ಮಗನನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕುವುದು ಪೂರ್ತಿ ಸರಿಯಲ್ಲ. ಅದಕ್ಕೆ ದೊಡ್ಡ ಲೆಕ್ಕ ನೋಡಬೇಕು. ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನರಿಗೆ ವಿಷದ ಹಾವು ಕಚ್ಚುತ್ತದೆ. ಸಾಯುವವರು ಸುಮಾರು ಐದು ಜನ.