ಡೋಗನ್ ಮುಖವಾಡಕ್ಕೂ ಸಿರಿಯಸ್ ನಕ್ಷತ್ರಕ್ಕೂ ಏನು ಸಂಬಂಧ?

ಪ್ರಶ್ನೆ: ಆಫ್ರಿಕಾದ ಡೋಗನ್ ಜನ ಯಾರಾದರೂ ಸತ್ತರೆ ಮುಖವಾಡ ಹಾಕಿ ಕುಣಿಯುತ್ತಾರಂತೆ. ಸಿರಿಯಸ್ ನಕ್ಷತ್ರದಿಂದ ಬಂದಿಳಿದವರ ನೆನಪಿಗೆ ಹಾಗೆ ಮಾಡುತ್ತಾರೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವೇ?

ಅಲ್ಲ.

ಈ ಪ್ರಶ್ನೆ ಎಷ್ಟನೇ ಸಲ ಬರುತ್ತಿದೆಯೋ, ಲೆಕ್ಕ ಬಿಟ್ಟಿದ್ದೇನೆ. ಪ್ರತಿ ಸಲವೂ ನಕ್ಷತ್ರದ ಬಗ್ಗೆ ಹೇಳುವಷ್ಟರಲ್ಲಿ ಜಾಗ ಮುಗಿದು ಕುಣಿತ ಉಳಿದುಬಿಡುತ್ತದೆ. ಅದಕ್ಕೇ ಈ ಸಲ ಕುಣಿತ ಮೊದಲು.

ಡೋಗನ್ನರ ಊರುಗಳಿರುವುದು ಮಾಲಿ ದೇಶದಲ್ಲಿ, ಬಾಂಡಿಯಾಗರ ಎಂಬ ಉದ್ದನೆಯ ಕಡಿದಾದ ಬಂಡೆಸಾಲಿನ ಮೇಲೆ, ಅದರ ಬುಡದಲ್ಲಿ. ಸತ್ತವರನ್ನು ಹಗ್ಗ ಕಟ್ಟಿ ಮೇಲೆಳೆದು ಬಂಡೆಯ ಗವಿಗಳಲ್ಲಿ ಇಡುತ್ತಿದ್ದರು. ಮುಖವಾಡಗಳ ದೊಡ್ಡ ಕುಣಿತ ನಡೆಯುವುದು ಆ ಹೊತ್ತಿಗಲ್ಲ. ಎಷ್ಟೋ ವರ್ಷಗಳಾದ ಮೇಲೆ, ಆ ನಡುವೆ ತೀರಿಕೊಂಡ ಹಲವರಿಗೆ ಸೇರಿಸಿ ಒಂದೇ ಸಲ 'ದಾಮ' ಮಾಡುತ್ತಾರೆ. ಊರಿಗೆಲ್ಲ ಊಟ, ಸಜ್ಜೆಯ ಬಿಯರ್, ಹೊಸ ಮುಖವಾಡ ಅಂತ ಖರ್ಚು ಜಾಸ್ತಿ. ಅಲ್ಲಿಯವರೆಗೆ ಸತ್ತವರ ಜೀವ ಊರ ಸುತ್ತಲೇ ಸುಳಿದಾಡುತ್ತಿರುತ್ತದೆ, ಹಾಗೆ ಬಿಟ್ಟರೆ ಕೇಡು ಅನ್ನುವುದು ನಂಬಿಕೆ. ಮುಖವಾಡಗಳು ಕಾಡಿನ ಕಡೆಯಿಂದ ಊರೊಳಗೆ ಬಂದು, ಸತ್ತವರ ಮನೆಯ ಮಾಳಿಗೆ ಮೇಲೂ ಕುಣಿದು, ಆ ಜೀವವನ್ನು ಹಿರಿಯರ ಲೋಕಕ್ಕೆ ಕಳಿಸಿಕೊಡುತ್ತವೆ. ಸೂತಕ ಅಲ್ಲಿಗೆ ಮುಗಿಯಿತು.

ಈಗ ನಕ್ಷತ್ರಕ್ಕೆ ಬರೋಣ.

ಕಥೆ ಹೀಗೆ ಓಡುತ್ತದೆ: ಸಿರಿಯಸ್‌ಗೆ ಬರಿಗಣ್ಣಿಗೆ ಕಾಣದ ಒಂದು ಜೊತೆ ನಕ್ಷತ್ರವಿದೆ. ಅದು ವಿಪರೀತ ಭಾರ. ಸುಮಾರು 50 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಇದೆಲ್ಲ ಡೋಗನ್ನರಿಗೆ ಮೊದಲೇ ಗೊತ್ತಿತ್ತು. ಅಂದಮೇಲೆ ಆಕಾಶದಿಂದ ಬಂದವರೇ ಹೇಳಿರಬೇಕು, ಅಲ್ವಾ?

'ಮೊದಲೇ' ಅಂದರೆ ಯಾವಾಗ? ಈ ಮಾತು ಮೊದಲು ಅಚ್ಚಾದದ್ದು 1950ರಲ್ಲಿ, ಮಾರ್ಸೆಲ್ ಗ್ರಿಯೋಲ್ ಮತ್ತು ಜರ್ಮೇನ್ ಡೀಟರ್ಲನ್ ಎಂಬ ಫ್ರೆಂಚ್ ಮಾನವಶಾಸ್ತ್ರಜ್ಞರ ಲೇಖನದಲ್ಲಿ. ಆ ಜೊತೆ ನಕ್ಷತ್ರ ಇರಬೇಕು ಅಂತ ಜರ್ಮನ್ ಖಗೋಳಶಾಸ್ತ್ರಜ್ಞ ಬೆಸೆಲ್ ಊಹಿಸಿದ್ದು 1844ರಲ್ಲಿ. ದೂರದರ್ಶಕದಲ್ಲಿ ಕಣ್ಣಿಗೆ ಬಿದ್ದದ್ದು 1862ರಲ್ಲಿ. ಅದರ ಭಾರದ ಸುದ್ದಿ 1920ರ ದಶಕದಲ್ಲಿ ಯುರೋಪಿನಲ್ಲೆಲ್ಲ ಹರಡಿತ್ತು. 1950ರ ಹೊತ್ತಿಗೆ ಡೋಗನ್ ನಾಡಿಗೆ ಫ್ರೆಂಚರು ಕಾಲಿಟ್ಟು ಅರ್ಧ ಶತಮಾನ ದಾಟಿತ್ತು. ನಕ್ಷತ್ರದ ಮಾತು ಪ್ಯಾರಿಸ್‌ನಿಂದ ಬರುವುದು ಹತ್ತಿರವೋ, ಸಿರಿಯಸ್‌ನಿಂದಲೋ?

ಅನ್ಯಗ್ರಹದವರನ್ನು ಇದಕ್ಕೆ ಗಂಟು ಹಾಕಿದ್ದು ಗ್ರಿಯೋಲ್ ಕೂಡ ಅಲ್ಲ. ಅದು 1976ರಲ್ಲಿ ರಾಬರ್ಟ್ ಟೆಂಪಲ್ ಬರೆದ ಪುಸ್ತಕದ ಕೆಲಸ. ಆಮೇಲೆ ಡಚ್ ಸಂಶೋಧಕ ವಾಲ್ಟರ್ ವಾನ್ ಬೇಕ್ ವರ್ಷಗಟ್ಟಲೆ ಡೋಗನ್ನರ ನಡುವೆ ಇದ್ದು ವಿಚಾರಿಸಿದರು. 1991ರಲ್ಲಿ ಅವರು ಬರೆದದ್ದು ಇಷ್ಟು: ಸಿರಿಯಸ್‌ಗೆ ಜೊತೆ ನಕ್ಷತ್ರ ಇದೆ ಅಂದವರು ಅಲ್ಲಿ ಒಬ್ಬರೂ ಸಿಗಲಿಲ್ಲ. ಗ್ರಿಯೋಲ್‌ಗೆ ಮಾಹಿತಿ ಕೊಟ್ಟಿದ್ದ ಗುಂಪಿನವರು ಒಂದು ನಕ್ಷತ್ರದ ಹೆಸರೇನೋ ಹೇಳಿದರು. ಅದು ಆಕಾಶದಲ್ಲಿ ಯಾವುದು ಅಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಆದರೆ ತಮಗೆ ಅದು ಗೊತ್ತಾದದ್ದು ಗ್ರಿಯೋಲ್‌ನಿಂದಲೇ ಅನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ!

ಇಷ್ಟಾದರೂ ಕೆಲವರು ಕನಗ ಮುಖವಾಡದ ಫೋಟೋ ಕಳಿಸುತ್ತಾರೆ. ನೆತ್ತಿಯ ಮೇಲೆ ಎರಡು ಅಡ್ಡಪಟ್ಟಿಯ ಕಂಬ. 'ಇದು ಆಂಟೆನಾ ಅಲ್ಲದೆ ಇನ್ನೇನು ಸಾರ್?' ಕೆಲವು ಡೋಗನ್ನರ ಪ್ರಕಾರ ಅದು ಹಕ್ಕಿ. ಇನ್ನು ಕೆಲವರಿಗೆ ಆಕಾಶ ಭೂಮಿಗಳ ಕಡೆ ಚಾಚಿದ ಸೃಷ್ಟಿಕರ್ತನ ಕೈಕಾಲು. ಕುಣಿಯುವವನು ಸೊಂಟದಿಂದ ಬಾಗಿ, ಕತ್ತು ಬೀಸಿ, ಆ ಮರದ ತುದಿಯನ್ನು ನೆಲಕ್ಕೆ ಸವರಿ ಮೇಲೇಳುತ್ತಾನೆ. ಇನ್ನೊಂದರ ಹೆಸರು ಸಿರಿಗೆ (ಕನ್ನಡದ ಹಾಗೆ ಕೇಳಿಸಿದರೂ ಅಲ್ಲ). ಕುಲದ ಮಾಳಿಗೆ ಮನೆಯನ್ನು ಸೂಚಿಸುವ ಉದ್ದನೆಯ ಹಲಗೆ ಅದು, ಮನುಷ್ಯನ ಎತ್ತರಕ್ಕಿಂತ ಎಷ್ಟೋ ಜಾಸ್ತಿ. ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕುಣಿಯಬೇಕು. ಫೋಟೋ ಕಳಿಸುವವರು ಒಮ್ಮೆ ಈ ಕತ್ತಿನ ಕಸುಬನ್ನೂ ನೋಡಬಾರದೇ?

ಮುಖವಾಡಗಳ ಬಗೆ 70ಕ್ಕೂ ಹೆಚ್ಚು: ಮೊಲ, ಜಿಂಕೆ, ಕೋತಿ, ಬೇಟೆಗಾರ, ಕಮ್ಮಾರ, ಪಕ್ಕದ ಫುಲಾನಿ ಸಮುದಾಯದ ಹೆಂಗಸು. ಹೊರಗಿನಿಂದ ಬಂದವನೂ ಇದ್ದಾನೆ, ಇಲ್ಲ ಅನ್ನುವುದಿಲ್ಲ. ಅವನು ಬಿಳಿಯ. ಕೈಯಲ್ಲಿ ನೋಟ್‌ಬುಕ್ ಹಿಡಿದು ಏನೇನೋ ಕೇಳುತ್ತಾ ಬರೆದುಕೊಳ್ಳುತ್ತಾನೆ. ನೋಡುವವರಿಗೆ ನಗೆಯೋ ನಗೆ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮುಖವಾಡದ ಕೂಟಕ್ಕೆ 'ಅವಾ' ಅಂತ ಹೆಸರು. ಅದು ಗಂಡಸರದ್ದು. ಆದರೆ ಅವರದೇ ಕಥೆಯಲ್ಲಿ ಮುಖವಾಡ ಮೊದಲು ಸಿಕ್ಕಿದ್ದು ಒಬ್ಬ ಹೆಂಗಸಿಗೆ. ಅವಳು ಅದನ್ನು ತೊಟ್ಟು ಗಂಡನನ್ನು ಹೆದರಿಸಿದಳು. ಗುಟ್ಟು ತಿಳಿದ ಮೇಲೆ ಗಂಡಸರು ಕಿತ್ತುಕೊಂಡರು. ಆ ನೆನಪಿಗೆ ಸತಿಂಬೆ ಎಂಬ ಮುಖವಾಡವಿದೆ. 60 ವರ್ಷಕ್ಕೊಮ್ಮೆ 'ಸಿಗಿ' ಹಬ್ಬ ಬರುತ್ತದೆ. ಕಳೆದದ್ದು 1967ರಿಂದ 1973ರವರೆಗೆ ಊರಿಂದ ಊರಿಗೆ ಸಾಗಿತು. ಅದರ ಕಾಲದಲ್ಲಿ ಹುಟ್ಟಿದ ಕೆಲವೇ ಹೆಂಗಸರಿಗೆ 'ಯಾಸಿಗಿನೆ', ಅಂದರೆ ಮುಖವಾಡಗಳ ಸೋದರಿ, ಎಂಬ ಸ್ಥಾನ. ಮುಖವಾಡಗಳ ಹತ್ತಿರ ಸುಳಿಯಲು ಅವರಿಗೆ ಅಡ್ಡಿಯಿಲ್ಲ. ಉಳಿದ ಹೆಂಗಸರು ದೂರ ನಿಂತು ನೋಡಬೇಕು. ಅಂಗಳದ ನಡುವೆ ಸತಿಂಬೆ ಕುಣಿಯುತ್ತಿರುತ್ತದೆ: ಒಳಗೆ ಗಂಡಸು, ಅವನ ತಲೆ ಮೇಲೆ ಮರದ ಹೆಂಗಸು.