ಚಹಾಪುಡಿ ಹಾಕಿದರೆ ಎರೆಹುಳು ಯಾಕೆ ಓಡಿಹೋಗ್ತಾವ?

ಪ್ರಶ್ನೆ: ಓಣಿಯ ಚಹಾ ಅಂಗಡಿಯವರು ಸೋಸಿ ಬಿಸಾಡುವ ಪುಡಿ ತಂದು ದಿನಾ ಎರೆಹುಳುವಿನ ತೊಟ್ಟಿಗೆ ಸುರೀತೀನಿ. ವಾರದಾಗ ಹುಳುಗಳು ಗೋಡೆ ಹತ್ತಿ ಹೊರಗ ಬರಾಕತ್ತಾವ. ಚಹಾ, ಕಾಫಿ ಗಸಿ ಅವಕ್ಕ ವಿಷಾನ?
– ರಾಯಚೂರಿನ ಓದುಗರು

ಉತ್ತರ: ವಿಷವಲ್ಲ. ಕೆಫೀನಿನ ಬಹುಪಾಲು ಕುದಿಸುವಾಗಲೇ ಲೋಟಕ್ಕೆ ಇಳಿದಿರುತ್ತದೆ. ಕಾಫಿ ಗಸಿಯಲ್ಲಂತೂ ನೂರಕ್ಕೆ ಸುಮಾರು 2ರಷ್ಟು ಸಾರಜನಕವಿದೆ, ಬಿಸಾಡುವ ವಸ್ತುವೇ ಅಲ್ಲ. ಮೊದಲು ಇವತ್ತೇ ತೊಟ್ಟಿಯ ಮೇಲಿನ ಪುಡಿಯನ್ನೆಲ್ಲ ತೆಗೆದುಬಿಡಿ, ಉಳಿದ ಹುಳು ಬದುಕಲಿ.

ನಮ್ಮ ಕಡೆಯ ಚಹಾ ಅಂದರೆ ಹಾಲು, ಸಕ್ಕರೆ ಹಾಕಿ ಮತ್ತೆ ಮತ್ತೆ ಕುದಿಸಿದ್ದು. ಸಕ್ಕರೆಗೆ ಇರುವೆ ಬರುತ್ತವೆ, ಹಾಲಿನಂಶ ಹುಳಿತು ನಾರುತ್ತದೆ. ಹಾಗಾಗಿ ಬಕೆಟ್ಟಿನಲ್ಲಿ ಎರಡು ಸಲ ನೀರು ಹಾಕಿ ತೊಳೆದು, ಹಳೇ ಬಟ್ಟೆಯಲ್ಲಿ ಹಿಂಡಿ. ಫಿಲ್ಟರಿನಲ್ಲಿ ಉಳಿದ ಕಾಫಿ ಗಸಿಗೆ ಹಾಲು, ಸಕ್ಕರೆ ತಾಗಿರುವುದಿಲ್ಲ. ಅದಕ್ಕೆ ಈ ಕೆಲಸ ಬೇಕಿಲ್ಲ. ಚಹಾದ ಚೀಲಗಳನ್ನು ಹರಿದು ಪುಡಿ ಮಾತ್ರ ಹಾಕಿ, ಕೆಲವು ಚೀಲಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ.

ಇದಕ್ಕಿಂತ ದೊಡ್ಡ ಶತ್ರು ಕಾವು. ನುಣ್ಣನೆಯ ಪುಡಿ ಒತ್ತಾಗಿ ಕೂತರೆ ಗಾಳಿ ಆಡುವುದಿಲ್ಲ, ದಪ್ಪಗೆ ಹಾಕಿದರೆ ಕೊಳೆಯುವಾಗ ತಾನೇ ಬಿಸಿಯಾಗುತ್ತದೆ. ಒಂದು ಮೇ ತಿಂಗಳಲ್ಲಿ ನಾನೂ ನಾಲ್ಕು ಬೆರಳು ದಪ್ಪ ಸುರಿದಿದ್ದೆ. ಮರುದಿನ ಕೈಯಿಟ್ಟರೆ ಬಿಸಿ ರೊಟ್ಟಿ ಕಟ್ಟಿದ ಬಟ್ಟೆ ಮುಟ್ಟಿದ ಹಾಗಿತ್ತು. ಬದುಕಿದ್ದ ಹುಳುಗಳು ತೊಟ್ಟಿಯ ತಣ್ಣನೆ ಮೂಲೆಯಲ್ಲಿ ಸಿಕ್ಕುಬಿದ್ದ ದಾರದುಂಡೆಯಂತೆ ಹೆಣೆದುಕೊಂಡಿದ್ದವು. ಆ ನೋಟ ಇನ್ನೂ ಮರೆತಿಲ್ಲ. ಗೊಬ್ಬರಕ್ಕೆ ಸಾಕುವ ಹುಳುಗಳಿಗೆ 20ರಿಂದ 30 ಡಿಗ್ರಿ ಹಿತ, 35 ದಾಟಿದರೆ ಕಷ್ಟ. ನಮ್ಮಲ್ಲಿ ಬೇಸಿಗೆಯ ನೆರಳೇ 40 ದಾಟುತ್ತದೆ.

ಒಂದು ಪಾಲು ಪುಡಿಗೆ ಮೂರು ಪಾಲು ಕತ್ತರಿಸಿದ ಭತ್ತದ ಹುಲ್ಲು, ಒಣ ಎಲೆ, ಹಳೆಯ ಸಗಣಿ ಬೆರೆಸಿ. ಸಿಂಧನೂರು, ಮಾನ್ವಿ ಕಡೆ ಸುಡುವ ಹುಲ್ಲು ಇದಕ್ಕೆ ಒಳ್ಳೇ ಸಾಮಾನು. ಎರಡು ವಾರ ನೆರಳಲ್ಲಿಟ್ಟು ಆಗಾಗ ಮಗುಚಿ, ಕಾವು ಪೂರ್ತಿ ಆರಿದ ಮೇಲೆ ತೊಟ್ಟಿಯ ಒಂದೇ ಬದಿಗೆ ಬೆರಳು ದಪ್ಪ ಹರಡಿ. ಹಿಡಿಸದಿದ್ದರೆ ಹುಳು ಇನ್ನೊಂದು ಬದಿಗೆ ಸರಿಯಲು ಜಾಗ ಇರುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ತೊಟ್ಟಿಯನ್ನು ಸ್ಟ್ಯಾಂಡಿನ ಮೇಲಿಟ್ಟು, ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ.

ಹಾಕಿದ್ದು ಕರಗಿ ಕಪ್ಪಗಾದ ಮೇಲೆಯೇ ಹೊಸ ಮೇವು. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನೂ ಅರ್ಧಕ್ಕೆ ಇಳಿಸಿ, ಮೇಲೆ ಹೊದಿಸಿದ ಗೋಣಿಚೀಲಕ್ಕೆ ಬೆಳಗ್ಗೆ, ಸಂಜೆ ನೀರು ಚಿಮುಕಿಸಿ.